ಕಾರಿನ ಆಂಪ್ಲಿಫೈಯರಿಗೆ ಪವರ್ ವೈರ್, ಫ್ಯೂಸ್ ಆರಿಸೋದು ಹೇಗೆ

ದಾವಣಗೆರೆಯ ಪಿ.ಬಿ. ರಸ್ತೆ ಕಡೆ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಕಾರಿಗೆ ಆಂಪ್ಲಿಫೈಯರ್, ಸಬ್‌ವೂಫರ್ ಹಾಕಿಸಲು ಬರುವವರು ಸ್ಪೀಕರ್ ಆರಿಸೋಕೆ ಬೇಕಾದಷ್ಟು ಹೊತ್ತು ತಗೋತಾರೆ. ಕೋನ್ ಮುಟ್ಟಿ ನೋಡ್ತಾರೆ, ಮ್ಯಾಗ್ನೆಟ್ ಎತ್ತಿ ತೂಕ ನೋಡ್ತಾರೆ. ವೈರಿನ ಮಾತು ಬಂದ ಕೂಡಲೇ "ಅದು ಯಾವುದಾದ್ರೂ ಹಾಕಿಬಿಡ್ರಿ" ಅಂತಾರೆ. ಕಾರಿಗೆ ಬೆಂಕಿ ಹತ್ತೋದು ಸ್ಪೀಕರಿನಿಂದ ಅಲ್ಲ, ಆ ಯಾವುದೋ ಒಂದು ವೈರಿನಿಂದ. ಹಾಗಾಗಿ ನಾನು ಗಿರಾಕಿಗಳಿಗೆ ಅಂಗಡಿಯಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವೇ ಕೈಯಾರೆ ಹಾಕಿಕೊಳ್ಳುವವರಾದರೂ ಸರಿ, ಬೇರೆ ಕಡೆ ಹಾಕಿಸುವವರಾದರೂ ಸರಿ, ಏನು ಕೇಳಬೇಕು, ಏನು ನೋಡಬೇಕು ಅನ್ನೋದು ಗೊತ್ತಿರಲಿ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಬ್ಯಾಟರಿ ಪಕ್ಕ ಹಾಕುವ ಫ್ಯೂಸ್ ಇರುವುದು ವೈರನ್ನು ಕಾಯಲು. ಆಂಪ್ಲಿಫೈಯರನ್ನು ಕಾಯಲು ಅದರ ಮೈಮೇಲೆಯೇ ಬೇರೆ ಫ್ಯೂಸ್ ಇರುತ್ತದೆ. ಈ ಎರಡು ಕೆಲಸ ಬೇರೆ ಬೇರೆ ಅಂತ ತಲೆಗೆ ಹೋದರೆ ಮುಂದಿನದೆಲ್ಲ ಸುಲಭ.

ಒಂದು ಕಾರಿನ ಕಥೆ ಹೇಳುತ್ತೇನೆ. ಹರಿಹರದ ಕಡೆಯ ಒಬ್ಬರು ಸುಟ್ಟ ವಾಸನೆ ಬರ್ತಿದೆ ಅಂತ ಕಾರು ತಂದರು. ಆಂಪ್ಲಿಫೈಯರನ್ನು ಬೇರೆ ಯಾವುದೋ ಊರಲ್ಲಿ ಹಾಕಿಸಿದ್ದರು. ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿಯ ಪ್ಲಸ್‌ನಿಂದ ಕೆಂಪು ವೈರ್ ಸೀದಾ ಒಳಗೆ ಹೋಗಿತ್ತು. ಅಲ್ಲಿ ಫ್ಯೂಸೇ ಇಲ್ಲ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನಲ್ಲಿ ತೂತು ಕೊರೆದು, ರಬ್ಬರ್ ಬುಷ್ ಇಲ್ಲದೆ ವೈರ್ ತೂರಿಸಿದ್ದರು. ಗಾಡಿ ಓಡುವಾಗ ಅದುರಿ ಅದುರಿ ತಗಡಿನ ಅಂಚು ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಚಾಕುವಿನ ಹಾಗೆ ಕೊಯ್ದಿತ್ತು. ತಾಮ್ರ ಬಾಡಿಗೆ ತಗುಲಿದೆ. ಅಲ್ಲಿಂದ ಬ್ಯಾಟರಿವರೆಗೆ ವೈರ್ ಕರಗಿ ಕಪ್ಪಾಗಿತ್ತು, ಒಳಗಡೆ ಕಾರ್ಪೆಟ್ಟಿನ ಮೂಲೆ ಸುಟ್ಟಿತ್ತು. ಅವರು "ಫ್ಯೂಸ್ ಹಾಕ್ಸಿದೀನಲ್ರೀ" ಅಂದರು. ಹಾಕಿದ್ದು ನಿಜ, ಆದರೆ ಡಿಕ್ಕಿಯಲ್ಲಿ, ಆಂಪ್ಲಿಫೈಯರ್ ಪಕ್ಕದಲ್ಲಿ. ತೆಗೆದು ಕೈಗೆ ಕೊಟ್ಟೆ. ಹೊಸದರ ಹಾಗೆ ಫಳಫಳ ಅಂತಿತ್ತು. ಶಾರ್ಟ್ ಆಗಿದ್ದು ಮುಂದೆ, ಫ್ಯೂಸ್ ಇದ್ದದ್ದು ಹಿಂದೆ. ಶಾರ್ಟಿನ ಕರೆಂಟ್ ಆ ಫ್ಯೂಸಿನ ಹತ್ತಿರವೇ ಸುಳಿದಿರಲಿಲ್ಲ.

ಸಣ್ಣ ಕಾರಿನ 35 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಕೂಡ ಶಾರ್ಟ್ ಆದಾಗ ನೂರಾರು ಆಂಪಿಯರ್ ಕೊಡುತ್ತದೆ. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಹಾಗಾಗಿ ಜನಕ್ಕೆ ಭಯ ಇಲ್ಲ. ಕೈಗೆ ಶಾಕ್ ಹೊಡೆಯದ ಅದೇ ಬ್ಯಾಟರಿ ಸ್ಪ್ಯಾನರನ್ನು ಕೆಂಪಗೆ ಕಾಯಿಸಬಲ್ಲದು. ಆದ್ದರಿಂದ ಮುಖ್ಯ ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ 18 ಇಂಚಿನ ಒಳಗೆ, ಅಂದರೆ ಸುಮಾರು 45 ಸೆಂಟಿಮೀಟರ್ ಒಳಗೆ ಇರಲೇಬೇಕು. ನಾನು ಒಂದು ಗೇಣು ದೂರಕ್ಕಿಂತ ಆಚೆ ಇಡುವುದಿಲ್ಲ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತುಂಡಿಗೆ ಯಾವ ರಕ್ಷಣೆಯೂ ಇಲ್ಲ ನೋಡಿ, ಅದು ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು.

ಎಷ್ಟು ಕರೆಂಟ್ ಬೇಕು?

ಬಾಕ್ಸ್ ಮೇಲೆ ಬರೆದಿರುವ ವ್ಯಾಟ್ ಮರೆತುಬಿಡಿ. ಚನ್ನಗಿರಿ ಕಡೆಯ ಒಬ್ಬ ಹುಡುಗ ಆನ್‌ಲೈನಲ್ಲಿ ತರಿಸಿದ ಆಂಪ್ಲಿಫೈಯರ್ ತಂದಿದ್ದ.

"ಅಣ್ಣಾ, ಇದು 3000 ವ್ಯಾಟ್. ಹೆವಿ ವೈರೇ ಹಾಕು."

"ಅದರ ಮೇಲಿರೋ ಫ್ಯೂಸ್ ಎಷ್ಟಿದೆ ಓದಪ್ಪಾ."

"30 ಅಂತ ಐತಣ್ಣಾ. ಒಂದೇ ಐತಿ."

ಲೆಕ್ಕ ಹಾಕಿ ತೋರಿಸಿದೆ. ಎಂಜಿನ್ ಓಡುವಾಗ ಕಾರಿನಲ್ಲಿ ಸುಮಾರು 13.8 ವೋಲ್ಟ್ ಇರುತ್ತದೆ. 30 ಆಂಪಿಯರ್ ಗುಣಿಸು 13.8 ಅಂದರೆ 414 ವ್ಯಾಟ್. ಆ ಫ್ಯೂಸ್ ದಾಟಿ ಒಳಗೆ ನಿರಂತರವಾಗಿ ಹೋಗಬಹುದಾದದ್ದೇ ಅಷ್ಟು. ಅದರಲ್ಲೂ ಸ್ವಲ್ಪ ಬಿಸಿಯಾಗಿ ಹೋಗಿ, ಸ್ಪೀಕರಿಗೆ 300 ವ್ಯಾಟ್ ಸಿಕ್ಕರೆ ದೊಡ್ಡದು. 3000 ಎಲ್ಲಿಂದ ಬರಬೇಕು? ಹುಡುಗನ ಮುಖ ಸಪ್ಪಗಾಯಿತು. ಆದರೆ 300 ವ್ಯಾಟ್ ನಿಜವಾಗಿ ಸಿಕ್ಕರೆ ಒಂದು ಕಾರಿಗೆ ಅದೇನು ಕಡಿಮೆ ಅಲ್ಲ. ಹಾಕಿಕೊಟ್ಟ ಮೇಲೆ ಖುಷಿಯಿಂದಲೇ ಹೋದ.

ನಿಮ್ಮ ಆಂಪ್ಲಿಫೈಯರಿನ ಪುಸ್ತಕದಲ್ಲಿ ಆರ್‌ಎಂಎಸ್ ವ್ಯಾಟ್, ಅಂದರೆ ನಿರಂತರವಾಗಿ ಕೊಡಬಲ್ಲ ನಿಜವಾದ ಪವರ್, ಎಷ್ಟು ಅಂತ ಹುಡುಕಿ. ಎಲ್ಲಾ ಚಾನೆಲ್ ಕೂಡಿಸಿ. ಎ/ಬಿ ಕ್ಲಾಸ್ ಆಂಪ್ಲಿಫೈಯರ್ ಒಳಗೆ ತಗೊಂಡದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಬಿಸಿಯಾಗಿ ಹೋಗುತ್ತದೆ. ಡಿ ಕ್ಲಾಸ್ ಆದರೆ ಶೇ. 80ರಷ್ಟು ಸ್ಪೀಕರಿಗೆ ಮುಟ್ಟುತ್ತದೆ. ಈಗ ಒಂದು ಸಾಮಾನ್ಯ ಜೋಡಣೆ ತಗೊಳ್ಳೋಣ. ಬಾಗಿಲಿನ ಸ್ಪೀಕರುಗಳಿಗೆ 60 ವ್ಯಾಟಿನ ನಾಲ್ಕು ಚಾನೆಲ್, ಎ/ಬಿ ಕ್ಲಾಸ್. ಸಬ್‌ವೂಫರಿಗೆ 400 ವ್ಯಾಟಿನ ಮೋನೋ (ಒಂದೇ ಚಾನೆಲ್), ಡಿ ಕ್ಲಾಸ್.

ಮೊದಲನೆಯದು: 60 ನಾಲ್ಕಲಿ 240. ಅರ್ಧ ಬಿಸಿಯಾಗುವುದರಿಂದ 480 ವ್ಯಾಟ್ ಒಳಗೆ ಬೇಕು. 13.8ರಿಂದ ಭಾಗಿಸಿದರೆ 35 ಆಂಪಿಯರ್. ಎರಡನೆಯದು: 400ನ್ನು 0.8ರಿಂದ ಭಾಗಿಸಿದರೆ 500 ವ್ಯಾಟ್, ಅಂದರೆ 36 ಆಂಪಿಯರ್. ಎರಡೂ ಸೇರಿ 70ರ ಆಸುಪಾಸು. ಹಾಡು ಸುಮ್ನೆ ಕೇಳುವಾಗ ಇದರ ಮೂರನೇ ಒಂದು ಪಾಲೂ ಎಳೆಯದೇ ಇರಬಹುದು. ಆದರೆ ಬೇಸ್ ಹೊಡೆಯುವಾಗ ಅಷ್ಟೂ ಕೇಳುತ್ತದೆ. ವೈರನ್ನು ಆ ಹೊತ್ತಿಗೆ ನೋಡಿಯೇ ಹಾಕಬೇಕು.

ಪುಸ್ತಕ ಇಲ್ಲದಿದ್ದರೆ ಆಂಪ್ಲಿಫೈಯರಿನ ಮೈಮೇಲಿನ ಫ್ಯೂಸುಗಳನ್ನು ಕೂಡಿಸಿ. 20ರ ಎರಡು ಇದ್ದರೆ 40 ಆಂಪಿಯರ್. ಅದೇ ನಿಮ್ಮ ಲೆಕ್ಕ.

ಇಲ್ಲೇ ಇನ್ನೊಂದು ಮಾತು. ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 70ರಿಂದ 90 ಆಂಪಿಯರಿನದು. ಅದರಲ್ಲೇ ಹೆಡ್‌ಲೈಟ್, ರೇಡಿಯೇಟರ್ ಫ್ಯಾನ್, ಎಸಿ ಬ್ಲೋವರ್, ಎಂಜಿನ್ನಿನ ಕಂಪ್ಯೂಟರ್ ಎಲ್ಲ ನಡೆಯಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಚಿತ್ರದುರ್ಗದ ಕಡೆ ಎಸಿ ಇಲ್ಲದೆ ಯಾರು ಓಡಿಸ್ತಾರೆ? ಎಸಿ, ಫ್ಯಾನ್ ಎರಡೂ ಓಡುವಾಗ ಆಲ್ಟರ್ನೇಟರಿನಲ್ಲಿ ಆಡಿಯೋಗೆ ಉಳಿಯುವುದು ಸ್ವಲ್ಪವೇ. ಆದ್ದರಿಂದ ಸಾವಿರ ವ್ಯಾಟ್ ಆರ್‌ಎಂಎಸ್ ದಾಟುವ ಆಸೆ ಇದ್ದವರಿಗೆ ಮೊದಲೇ ಹೇಳುತ್ತೇನೆ: ವೈರ್ ದಪ್ಪ ಮಾಡಿದ ಮಾತ್ರಕ್ಕೆ ಆಲ್ಟರ್ನೇಟರ್ ದೊಡ್ಡದಾಗುವುದಿಲ್ಲ.

ವೈರಿನ ದಪ್ಪ

ವೈರ್ ಆರಿಸುವಾಗ ನೋಡುವುದು ಎರಡು: ಎಷ್ಟು ಕರೆಂಟ್, ಎಷ್ಟು ಉದ್ದ. ಉದ್ದ ಜಾಸ್ತಿ ಆದಷ್ಟೂ ವೋಲ್ಟೇಜ್ ಇಳಿಯುತ್ತದೆ. ಅಡಿಕೆ ತೋಟದ ಕೊನೇ ಸಾಲಿಗೆ ಹೋಗುವಷ್ಟರಲ್ಲಿ ಪೈಪಿನ ನೀರಿನ ಒತ್ತಡ ಇಳಿಯುತ್ತದಲ್ಲ, ಹಾಗೇ ಇದು. ಸಾಧಾರಣ ಆಂಪ್ಲಿಫೈಯರಿಗೆ 14 ವೋಲ್ಟ್ ಬದಲು 13 ಮುಟ್ಟಿದರೆ ಪವರ್ ಶೇ. 14ರಷ್ಟು ಕಡಿಮೆ. ವಾಲ್ಯೂಮ್ ಏರಿಸಿದಾಗ ಬೇಸ್ ಒಡೆದ ಹಾಗೆ ಕೇಳಿಸುವುದು, ಬೇಸ್ ಹೊಡೆತಕ್ಕೆ ಡ್ಯಾಶ್‌ಬೋರ್ಡಿನ ಲೈಟ್ ಮಿಣುಕುವುದು, ಇವಕ್ಕೆ ಎಷ್ಟೋ ಸಲ ಸಣ್ಣ ವೈರೇ ಕಾರಣ. ಸ್ಪೀಕರ್ ಸರಿಯಿಲ್ಲ ಅಂತ ಬದಲಾಯಿಸಿ ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ.

ಬಾನೆಟ್‌ನಿಂದ ಡಿಕ್ಕಿವರೆಗೆ ಸಣ್ಣ ಕಾರಿಗೆ ಸುಮಾರು 5 ಮೀಟರ್ ವೈರ್ ಬೇಕು. ಇಷ್ಟು ಉದ್ದಕ್ಕೆ ಶುದ್ಧ ತಾಮ್ರದ ವೈರ್ ಆದರೆ ನಾನು ಬಳಸುವ ಲೆಕ್ಕ ಇದು: ಆಂಪಿಯರನ್ನು 4ರಿಂದ ಭಾಗಿಸಿ, ಬಂದದ್ದೇ ಸ್ಕ್ವೇರ್ ಎಂಎಂ, ಅಂದರೆ ವೈರನ್ನು ಅಡ್ಡ ಕತ್ತರಿಸಿದರೆ ಕಾಣುವ ಲೋಹದ ವಿಸ್ತೀರ್ಣ. 60 ಆಂಪಿಯರಿಗೆ 15, ಅಂದರೆ ಅಂಗಡಿಯಲ್ಲಿ ಸಿಗುವ 16. 100 ಆಂಪಿಯರಿಗೆ 25. 200ಕ್ಕೆ 50. ಹೀಗೆ ಹಾಕಿದರೆ ಪ್ಲಸ್ ವೈರಿನಲ್ಲಿ ಇಳಿಯುವುದು ವೋಲ್ಟಿನ ಮೂರನೇ ಒಂದು ಭಾಗದಷ್ಟು ಮಾತ್ರ. ಎಸ್‌ಯುವಿ ಆಗಿ ಉದ್ದ 6-7 ಮೀಟರ್ ಆದರೆ ಮುಂದಿನ ಸೈಜಿಗೆ ಹೋಗಿ. ನಡುವಿನ ಅಂಕಿ ಬಂದರೆ ಯಾವಾಗಲೂ ಮೇಲಿನದು. ನಮ್ಮ ಉದಾಹರಣೆಯ 70 ಆಂಪಿಯರಿಗೆ ಹದಿನೇಳೂವರೆ ಬರುತ್ತದೆ. ಹಾಗಾಗಿ 25 ಸ್ಕ್ವೇರ್ ಹಾಕಬೇಕು, 16 ಅಲ್ಲ.

ಕಾರ್ ಆಡಿಯೋ ಕಿಟ್‌ಗಳಲ್ಲಿ ಗೇಜ್ ಲೆಕ್ಕ ಇರುತ್ತದೆ. ಗೇಜ್ ನಂಬರ್ ಕಡಿಮೆ ಆದಷ್ಟೂ ವೈರ್ ದಪ್ಪ. ಅಮೆರಿಕದ ಗೇಜ್ ಪ್ರಕಾರ 8 ಗೇಜ್ ಅಂದರೆ 8.4 ಸ್ಕ್ವೇರ್ ಎಂಎಂ, 4 ಗೇಜ್ ಅಂದರೆ 21, ಸೊನ್ನೆ ಗೇಜ್ ಅಂದರೆ 53ಕ್ಕಿಂತ ಸ್ವಲ್ಪ ಜಾಸ್ತಿ. ಕಿಟ್‌ನ ಬಾಕ್ಸಿನ ಮೇಲೆ 4 ಗೇಜ್ ಅಂತಿದ್ದ ಮಾತ್ರಕ್ಕೆ ಒಳಗೆ ಅಷ್ಟು ತಾಮ್ರ ಇದೆ ಅಂತ ಅಲ್ಲ. ಮೇಲಿನ ಪ್ಲಾಸ್ಟಿಕ್ಕೇ ದಪ್ಪ ಇರುತ್ತದೆ, ಒಳಗೆ ನೋಡಿದರೆ ಎಳೆಗಳದು ಸಣ್ಣ ಕಟ್ಟು. ತುದಿಯನ್ನು ಸುಲಿಸಿ, ವರ್ನಿಯರ್ ಹಿಡಿದು ಲೋಹದ ಕಟ್ಟನ್ನು ಅಳೆಯಿರಿ. ಸಣ್ಣ ಎಳೆಗಳ ವೈರಿನಲ್ಲಿ 10 ಸ್ಕ್ವೇರ್ ಸುಮಾರು 4 ಮಿಲಿಮೀಟರಿಗೆ ಮೇಲೆ ಇರಬೇಕು, 25 ಸ್ಕ್ವೇರ್ ಆರೂವರೆ ಆಸುಪಾಸು.

ತಾಮ್ರವೋ ಅಲ್ಯೂಮಿನಿಯಮ್ಮೋ?

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಮೋಸ ನಡೆಯುವುದೇ ಇಲ್ಲಿ. ಕಡಿಮೆ ಬೆಲೆಯ ಕಿಟ್‌ಗಳಲ್ಲಿ ಬಹುಪಾಲು ಸಿಸಿಎ ವೈರ್ ಇರುತ್ತದೆ. ಅಂದರೆ ಒಳಗೆ ಅಲ್ಯೂಮಿನಿಯಂ, ಮೇಲೆ ತೆಳ್ಳಗೆ ತಾಮ್ರದ ಹೊದಿಕೆ. ಕಣ್ಣಿಗೆ ತಾಮ್ರದಂತೆಯೇ ಕಾಣುತ್ತದೆ. ಆದರೆ ಕರೆಂಟ್ ಒಯ್ಯುವ ಶಕ್ತಿ ಅದೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಮೂರನೇ ಎರಡು ಪಾಲಷ್ಟೂ ಬರುವುದಿಲ್ಲ.

ಕಂಡುಹಿಡಿಯುವುದು ಸುಲಭ. ಒಂದೇ ಒಂದು ಎಳೆ ಬಿಡಿಸಿಕೊಳ್ಳಿ. ಬೆಳಕಿಗೆ ಹಿಡಿದು ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ಸಿಸಿಎ ಆದರೆ ಎರಡು ಮೂರು ಸಲ ಕೆರೆದ ಕೂಡಲೇ ಕೆಂಪು ಬಣ್ಣ ಹೋಗಿ ಬೆಳ್ಳಗೆ ಮಿಂಚುತ್ತದೆ. ತಾಮ್ರ ಆದರೆ ಎಷ್ಟು ಕೆರೆದರೂ ಕೆಂಪೇ. ಲೈಟರ್ ಜ್ವಾಲೆಗೆ ಹಿಡಿದರೆ ಸಿಸಿಎಯ ಸಣ್ಣ ಎಳೆ ಕುಗ್ಗಿ ತುಂಡಾಗಿ ಬೀಳುತ್ತದೆ, ತಾಮ್ರದ್ದು ಕೆಂಪಗೆ ಕಾದು ಆಮೇಲೆ ಕಪ್ಪಾಗುತ್ತದೆ. ಹಿಂದೆಮುಂದೆ ಬಗ್ಗಿಸಿ ನೋಡಿದರೂ ಸಿಸಿಎ ಬೇಗ ಮುರಿಯುತ್ತದೆ. ತೂಕವೂ ಹೇಳುತ್ತದೆ, ತಾಮ್ರ ಅಲ್ಯೂಮಿನಿಯಮ್ಮಿಗಿಂತ ಮೂರು ಪಟ್ಟಿಗೂ ಜಾಸ್ತಿ ಭಾರ. ಒಂದು ಎಚ್ಚರ ಮಾತ್ರ: ಒಳ್ಳೆಯ ವೈರುಗಳಲ್ಲಿ ತಾಮ್ರದ ಮೇಲೆ ತವರದ ಲೇಪ ಇರುತ್ತದೆ. ಅದು ಹೊರಗೆ ಬೆಳ್ಳಗೆ, ಕೆರೆದರೆ ಒಳಗೆ ಕೆಂಪು. ಅದನ್ನು ಅಲ್ಯೂಮಿನಿಯಂ ಅಂದುಕೊಂಡು ಬಿಡಬೇಡಿ.

ಸಿಸಿಎ ಹಾಕಲೇಬಾರದು ಅಂತ ನಾನು ಹೇಳುವುದಿಲ್ಲ. ಬಜೆಟ್ ಇಲ್ಲದವರಿಗೆ ಹಾಕಬಹುದು, ಆದರೆ ಅದನ್ನು ತಾಮ್ರದ ಲೆಕ್ಕದಲ್ಲಿ ಹಾಕಬಾರದು. ಆಂಪಿಯರನ್ನು 4ರ ಬದಲು ಎರಡೂವರೆಯಿಂದ ಭಾಗಿಸಿ. 60 ಆಂಪಿಯರಿಗೆ 24, ಅಂದರೆ 25 ಸ್ಕ್ವೇರ್. ಫ್ಯೂಸನ್ನೂ ಅದಕ್ಕೆ ತಕ್ಕಂತೆ ಇಳಿಸಬೇಕು. ಜೊತೆಗೆ ಅಲ್ಯೂಮಿನಿಯಂ ಒತ್ತಡಕ್ಕೆ ನಿಧಾನವಾಗಿ ಹರಡಿಕೊಳ್ಳುವ ಲೋಹ. ಇವತ್ತು ಬಿಗಿ ಮಾಡಿದ ಸ್ಕ್ರೂ ಕೆಲವು ತಿಂಗಳಲ್ಲಿ ಸಡಿಲ ಆಗುತ್ತದೆ. ಸಡಿಲವಾದ ಕಡೆ ಬಿಸಿ ಏಳುತ್ತದೆ. ನನ್ನ ಸ್ವಂತ ಕಾರಿಗೆ ಕೇಳಿದರೆ ತಾಮ್ರವೇ.

ತಾಮ್ರದ ಕಾರ್ ಆಡಿಯೋ ವೈರ್ ದುಬಾರಿ ಅನಿಸಿದರೆ ಇನ್ನೊಂದು ದಾರಿ ಇದೆ. ವೆಲ್ಡಿಂಗ್ ಸಾಮಾನು ಮಾರುವ ಅಂಗಡಿಗೆ ಹೋಗಿ ತಾಮ್ರದ ವೆಲ್ಡಿಂಗ್ ಕೇಬಲ್ ಕೇಳಿ. ಕೂದಲಿನಂಥ ಎಳೆಗಳು, ಹಗ್ಗದ ಹಾಗೆ ಬಾಗುತ್ತದೆ, 16, 25, 35 ಸ್ಕ್ವೇರ್‌ಗಳಲ್ಲಿ ಸಿಗುತ್ತದೆ. ವೆಲ್ಡಿಂಗ್ ಕೇಬಲಿನಲ್ಲೂ ಅಲ್ಯೂಮಿನಿಯಂ ಬರುತ್ತದೆ, ಅಲ್ಲೂ ಬ್ಲೇಡ್ ಪರೀಕ್ಷೆ ಮಾಡಿ. ಮನೆ ವೈರಿಂಗಿನ ವೈರ್ ಮಾತ್ರ ಬೇಡ. ಅದರ ಪಿವಿಸಿ ಸಾಮಾನ್ಯವಾಗಿ 70 ಡಿಗ್ರಿಯವರೆಗೆ ತಡೆಯುವಂಥದ್ದು. ನಮ್ಮ ಬೇಸಿಗೆಯಲ್ಲಿ ಎಂಜಿನ್ ಪಕ್ಕದ ಬಿಸಿ ಅದನ್ನು ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಎಳೆಗಳೂ ಒರಟು, ಅದುರಿಕೆಗೆ ಆಗಿ ಬರುವುದಿಲ್ಲ. 105 ಡಿಗ್ರಿ ಅಂತ ಬರೆದಿರುವ ಆಟೋ ವೈರ್ ನೋಡಿ ತಗೊಳ್ಳಿ.

ಈಗ ಫ್ಯೂಸ್

ಫ್ಯೂಸಿಗೆ ಎರಡು ಗಡಿ ಇವೆ. ಕೆಳಗಿನ ಗಡಿ ಆಂಪ್ಲಿಫೈಯರಿಗೆ ಬೇಕಾದ ಕರೆಂಟ್, ಅದಕ್ಕಿಂತ ಕಡಿಮೆ ಹಾಕಿದರೆ ಪದೇ ಪದೇ ಹಾರುತ್ತದೆ. ಮೇಲಿನ ಗಡಿ ವೈರ್ ತಡೆಯುವ ಕರೆಂಟ್, ಅದನ್ನು ದಾಟುವ ಹಾಗೇ ಇಲ್ಲ. ಶುದ್ಧ ತಾಮ್ರಕ್ಕೆ ನಾನು ಹಾಕುವ ಗರಿಷ್ಠ ಫ್ಯೂಸ್: 6 ಸ್ಕ್ವೇರಿಗೆ 40 ಆಂಪಿಯರ್, 10ಕ್ಕೆ 60, 16ಕ್ಕೆ 80, 25ಕ್ಕೆ 125, 50ಕ್ಕೆ 250. ಸಿಸಿಎ ಆದರೆ 10ಕ್ಕೆ 40, 16ಕ್ಕೆ 50, 25ಕ್ಕೆ 80. ಇನ್ನೂ ಮೇಲೆ ಹಾಕುವವರು ಇದ್ದಾರೆ. ಬಾನೆಟ್ ಒಳಗಿನ ನಮ್ಮ ಕಡೆಯ ಬಿಸಿ ನೋಡಿ ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ.

ನಮ್ಮ ಉದಾಹರಣೆಗೆ ಬನ್ನಿ. ಬೇಕಾದದ್ದು 70, ವೈರ್ 25 ಸ್ಕ್ವೇರ್ ತಾಮ್ರ. 80ರಿಂದ 125ರವರೆಗೆ ಯಾವ ಫ್ಯೂಸ್ ಹಾಕಿದರೂ ವೈರ್ ಸೇಫ್. ನಾನು 80 ಹಾಕುತ್ತೇನೆ. ಕೆಲಸ ನಡೆಯುವಷ್ಟರಲ್ಲಿ ಚಿಕ್ಕದೇ ಇರಲಿ.

"80 ಹಾಕಿದ್ರೆ 85 ಎಳೆದಾಗ ಹಾರಲ್ವಾ?" ಅಂತ ಕೇಳುತ್ತಾರೆ. ಇಲ್ಲ. ಫ್ಯೂಸ್ ಹಾರುವುದು ಕರೆಂಟ್ ಎಷ್ಟು, ಎಷ್ಟು ಹೊತ್ತು ಅನ್ನೋದರ ಮೇಲೆ. ಕಾರಿನ ಸಾಮಾನ್ಯ ಬ್ಲೇಡ್ ಫ್ಯೂಸನ್ನೇ ತಗೊಳ್ಳಿ. ಅದರ ಮೇಲೆ ಬರೆದಿದ್ದಕ್ಕಿಂತ ಶೇ. 10 ಜಾಸ್ತಿ ಹರಿದರೆ ಗಂಟೆಗಟ್ಟಲೆ ತಡೆಯುತ್ತದೆ. ಶೇ. 35 ಜಾಸ್ತಿ ಆದರೆ ಒಂದು ಸೆಕೆಂಡಿನ ಒಳಗೂ ಹಾರಬಹುದು, 10 ನಿಮಿಷವೂ ತಗೋಬಹುದು. ಎರಡು ಪಟ್ಟು ಆದರೆ ಹೆಚ್ಚೆಂದರೆ 5 ಸೆಕೆಂಡ್. ಬೇಸಿನ ಒಂದು ಹೊಡೆತಕ್ಕೆ ಅದು ಹಾರುವುದಿಲ್ಲ. ವೈರಿಗಿಂತ ದೊಡ್ಡ ಫ್ಯೂಸ್ ಯಾಕೆ ಬೇಡ ಅನ್ನೋದಕ್ಕೂ ಇದೇ ಉತ್ತರ: 35 ಪರ್ಸೆಂಟ್ ಮೀರಿದ ಕರೆಂಟ್ 10 ನಿಮಿಷ ಹರಿದರೆ, ಅಷ್ಟೂ ಹೊತ್ತು ಅದನ್ನು ತಡೆದುಕೊಳ್ಳಬೇಕಾದದ್ದು ವೈರು.

ಯಾವ ಜಾತಿಯ ಫ್ಯೂಸ್? 30-40 ಆಂಪಿಯರ್ ಒಳಗೆ ಆದರೆ ಮಾಮೂಲಿ ಬ್ಲೇಡ್ ಫ್ಯೂಸ್ ಸಾಕು. ಬಣ್ಣ ನೆನಪಿರಲಿ: 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. 80ರವರೆಗೆ ದೊಡ್ಡ ಬ್ಲೇಡಿನ ಮ್ಯಾಕ್ಸಿ ಫ್ಯೂಸ್. 150ರವರೆಗೆ ಮಿನಿ ಎಎನ್‌ಎಲ್, ಅದಕ್ಕೂ ಮೇಲೆ ದೊಡ್ಡ ಎಎನ್‌ಎಲ್. ಎಎನ್‌ಎಲ್‌ಗಳನ್ನು ಬೋಲ್ಟ್ ಹಾಕಿ ಬಿಗಿಯುವುದರಿಂದ ಅದುರಿಕೆಗೆ ಸಡಿಲ ಆಗುವುದು ಕಡಿಮೆ. ಕಿಟ್‌ಗಳಲ್ಲಿ ಬರುವ ಗಾಜಿನ ಕೊಳವೆಯ ಎಜಿಯು ಫ್ಯೂಸ್ ನನಗೆ ಇಷ್ಟ ಇಲ್ಲ. ಎರಡು ತುದಿಯ ಕ್ಯಾಪ್ ಸ್ಪ್ರಿಂಗಿನಂಥ ಹಿಡಿತದಲ್ಲಿ ಕೂತಿರುತ್ತದೆ, ಸ್ವಲ್ಪ ಸಡಿಲ ಆದರೂ ಅಲ್ಲೇ ಕಾಯುತ್ತದೆ. ಫ್ಯೂಸ್ ಒಳಗೆ ತಂತಿ ಚೆನ್ನಾಗಿರುತ್ತದೆ, ಹೊರಗೆ ಹೋಲ್ಡರ್ ಕರಗಿರುತ್ತದೆ. ಮನೆಯ ಎಂಸಿಬಿ ತಂದು ಬಾನೆಟ್ ಒಳಗೆ ಕೂರಿಸುವವರೂ ಇದ್ದಾರೆ. ಅದು ಎಂಜಿನ್ನಿನ ಬಿಸಿ, ಮಳೆನೀರು, ಅದುರಿಕೆಗೆ ಮಾಡಿದ ವಸ್ತು ಅಲ್ಲ.

ಫ್ಯೂಸ್ ಹಾರಿದಾಗ ತಾಮ್ರದ ಎಳೆ ಸುತ್ತಿ ಓಡಿಸುವುದು ನಮ್ಮ ಹೆದ್ದಾರಿಯಲ್ಲಿ ಹಳೇ ಚಾಳಿ. ದಯವಿಟ್ಟು ಬೇಡ. ಫ್ಯೂಸ್ ಸುಮ್ಮನೆ ಹಾರುವುದಿಲ್ಲ. ಎಲ್ಲೋ ವೈರ್ ಉಜ್ಜಿರುತ್ತದೆ, ಇಲ್ಲವೇ ಆಂಪ್ಲಿಫೈಯರ್ ಒಳಗೇ ಏನೋ ಕೆಟ್ಟಿರುತ್ತದೆ. ಹುಡುಕಿ ಸರಿಮಾಡುವವರೆಗೆ ಹಾಡಿಲ್ಲದೆ ಊರು ಸೇರಿ.

ಎರಡು ಆಂಪ್ಲಿಫೈಯರ್ ಇದ್ದಾಗ ಡಿಕ್ಕಿಯಲ್ಲಿ ಡಿಸ್ಟ್ರಿಬ್ಯೂಷನ್ ಬ್ಲಾಕ್ ಹಾಕಿ ವೈರ್ ಕವಲು ಮಾಡಬೇಕಾಗುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. 25 ಸ್ಕ್ವೇರಿನಿಂದ 10 ಸ್ಕ್ವೇರಿಗೆ ಇಳಿದ ಕೂಡಲೇ ಆ ಸಣ್ಣ ವೈರನ್ನು ಕಾಯಲು ಬೇರೆ ಫ್ಯೂಸ್ ಬೇಕು. ಮುಂದೆ 80 ಇದೆಯಲ್ಲ ಅಂದರೆ, 80 ಆಂಪಿಯರ್ ಆ 10 ಸ್ಕ್ವೇರಿಗೆ ಜಾಸ್ತಿ. ಫ್ಯೂಸ್ ಇರುವ ಬ್ಲಾಕನ್ನೇ ತಗೊಂಡು ಒಂದೊಂದು ಕವಲಿಗೆ 40 ಹಾಕಿ. ವೈರ್ ಸಣ್ಣದಾದ ಕಡೆಯಲ್ಲೆಲ್ಲ ಒಂದು ಫ್ಯೂಸ್.

ಎಳೆಯುವುದು, ಬಿಗಿಯುವುದು

ಕೆಲಸ ಶುರು ಮಾಡುವ ಮೊದಲು ಕೈಯ ಉಂಗುರ, ಕಡಗ ತೆಗೆದಿಡಿ. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ. ಮುಗಿದ ಮೇಲೆ ಮೈನಸ್ ಕೊನೆಗೆ ಹಾಕಿ. ಮುಖ್ಯ ಫ್ಯೂಸ್ ಎಲ್ಲಾ ಜೋಡಣೆ ನೋಡಿಯಾದ ಮೇಲಷ್ಟೇ ಹೋಲ್ಡರಿಗೆ ಸೇರಲಿ.

ತಗಡು ದಾಟುವ ಕಡೆ ರಬ್ಬರ್ ಬುಷ್ ಕಡ್ಡಾಯ. ಕಂಪನಿಯೇ ಬಿಟ್ಟಿರುವ ಬುಷ್ ಬಹಳ ಕಾರುಗಳಲ್ಲಿ ಇರುತ್ತದೆ, ಮೊದಲು ಅದನ್ನು ಹುಡುಕಿ. ಬಾನೆಟ್ ಒಳಗೆ ಪೂರ್ತಿ ಫ್ಲೆಕ್ಸಿಬಲ್ ಪೈಪ್ ಹಾಕಿ, ಎಕ್ಸಾಸ್ಟ್ ಕಡೆಗೆ ಹೋಗದಂತೆ ಕಟ್ಟಿ. ಇಲ್ಲಿ ಇನ್ನೊಂದು ಕಾಟವೂ ಇದೆ. ದಾವಣಗೆರೆ ಸುತ್ತ ಮೆಕ್ಕೆಜೋಳದ ಗೋದಾಮು, ಕಣಗಳ ಪಕ್ಕ ಕಾರು ನಿಲ್ಲಿಸುವವರು ಬಹಳ. ಇಲಿಗಳಿಗೆ ರಾತ್ರಿ ಬೆಚ್ಚಗಿನ ಎಂಜಿನ್ ಬೇಕು, ವೈರಿನ ಪ್ಲಾಸ್ಟಿಕ್ ಕಡಿಯಬೇಕು. ಪೈಪ್ ಹಾಕಿದರೆ ಅವು ಪೂರ್ತಿ ನಿಲ್ಲುತ್ತವೆ ಅಂತ ಅಲ್ಲ. ಆದರೆ ಕಡಿದರೂ ಬ್ಯಾಟರಿ ಪಕ್ಕದ ಫ್ಯೂಸ್ ಹಾರಿ ಅಲ್ಲಿಗೇ ಮುಗಿಯುತ್ತದೆ.

ಪವರ್ ವೈರ್ ಒಂದು ಬದಿಯಲ್ಲಿ, ಹಾಡಿನ ಆರ್‌ಸಿಎ ವೈರ್ ಇನ್ನೊಂದು ಬದಿಯಲ್ಲಿ ಹೋಗಲಿ. ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಸ್ಪೀಕರಿನಲ್ಲಿ ಕುಂಯ್ ಅಂತ ಶಬ್ದ ಬರಬಹುದು. ಆಂಪ್ಲಿಫೈಯರನ್ನು ಆನ್-ಆಫ್ ಮಾಡಿಸುವ ರಿಮೋಟ್ ವೈರ್ ಸಣ್ಣದಿದ್ದರೆ ಸಾಕು. ಅದನ್ನು ಸ್ಟಿರಿಯೋದ ರಿಮೋಟ್ ವೈರಿಗೇ ಕೊಡಿ, ನೇರ ಬ್ಯಾಟರಿಗೆ ಕೊಟ್ಟರೆ ಆಂಪ್ಲಿಫೈಯರ್ ಆಫ್ ಆಗದೆ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಆಂಪ್ಲಿಫೈಯರಿನ ಮೈನಸ್‌ನಿಂದ ಕಾರಿನ ಬಾಡಿಗೆ ಹೋಗುವ ಅರ್ಥ್ ವೈರ್ ಪ್ಲಸ್ ವೈರಿನಷ್ಟೇ ದಪ್ಪ ಇರಬೇಕು. ಹೋದಷ್ಟೇ ಕರೆಂಟ್ ವಾಪಸ್ ಬರಬೇಕಲ್ವಾ? ಉದ್ದ ಒಂದೂವರೆ ಅಡಿ ಮೀರದಿರಲಿ. ಬಾಡಿಯ ಗಟ್ಟಿ ತಗಡು ಆರಿಸಿ, ಪೇಂಟನ್ನು ಎಮರಿ ಪೇಪರಿನಿಂದ ಪೂರ್ತಿ ಉಜ್ಜಿ ಲೋಹ ಹೊಳೆಯುವ ಹಾಗೆ ಮಾಡಿ. ಲಗ್ (ವೈರಿನ ತುದಿಗೆ ಒತ್ತುವ ಲೋಹದ ಬಳೆ), ಹಲ್ಲಿನ ವಾಷರ್, ಬೋಲ್ಟು, ನಟ್ಟು, ಇಷ್ಟು ಬೇಕು. ಬಿಗಿ ಮಾಡಿದ ಮೇಲೆ ಸುತ್ತ ಪೇಂಟ್ ಹಚ್ಚಿ, ತುಕ್ಕು ಹಿಡಿಯುವುದಿಲ್ಲ. ಸೀಟ್‌ಬೆಲ್ಟಿನ ಬೋಲ್ಟಿಗೆ ಅರ್ಥ್ ಕೊಡಬೇಡಿ, ಅದು ಜೀವ ಕಾಯುವ ಬೋಲ್ಟ್. ಬ್ಯಾಟರಿಯ ಮೈನಸ್ ಕ್ಲ್ಯಾಂಪ್ ಮೇಲೆ ಸೆನ್ಸರ್ ಇರುವ ಹೊಸ ಕಾರುಗಳಲ್ಲಿ ಸೀದಾ ಮೈನಸ್ ಟರ್ಮಿನಲಿಗೂ ಕೊಡಬೇಡಿ. ಸೆನ್ಸರ್ ದಾಟದ ಕರೆಂಟಿನ ಲೆಕ್ಕ ಕಾರಿಗೆ ಸಿಗುವುದಿಲ್ಲ.

ಡಿಕ್ಕಿಯಲ್ಲಿ ಕೊರೆಯುವ ಮೊದಲು ಕಾರಿನ ಕೆಳಗೆ ಮಲಗಿ ನೋಡಿ. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಎಲ್ಲ ಅಲ್ಲೇ ಇರುತ್ತವೆ. ಸಿಎನ್‌ಜಿ ಗಾಡಿ ಆದರೆ 200 ಬಾರ್ ಒತ್ತಡದ ಗ್ಯಾಸ್ ಪೈಪ್ ಇರುತ್ತದೆ. ಅಂಥ ಗಾಡಿಯ ಡಿಕ್ಕಿಯಲ್ಲಿ ನಾನು ಕೊರೆಯುವುದೇ ಇಲ್ಲ. ಆಂಪ್ಲಿಫೈಯರನ್ನು ಸೀಟಿನ ಕೆಳಗೆ ಕೂರಿಸುತ್ತೇನೆ.

ಲಗ್ ವೈರಿನ ಸೈಜಿನದೇ ಇರಬೇಕು. ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದರೆ ಆಗುವುದಿಲ್ಲ. ಕ್ರಿಂಪಿಂಗ್ ಟೂಲಿನಿಂದ ಒತ್ತಿಸಿ, ನಿಮ್ಮಲ್ಲಿ ಇಲ್ಲದಿದ್ದರೆ ಲಾರಿ ಬ್ಯಾಟರಿ ಕೇಬಲ್ ಮಾಡುವ ಅಂಗಡಿಯಲ್ಲಿ ಒತ್ತಿಕೊಡುತ್ತಾರೆ. ಒತ್ತಿದ ಮೇಲೆ ಬಲವಾಗಿ ಎಳೆದು ನೋಡಿ. ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಇನ್ಸುಲೇಷನ್ ಟೇಪ್ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಪರೀಕ್ಷೆ

ಮಲ್ಟಿಮೀಟರ್ ಒಂದಿದ್ದರೆ ಸಾಕು. ಎಂಜಿನ್ ಸ್ಟಾರ್ಟ್ ಮಾಡಿ, ಬೇಸ್ ಜಾಸ್ತಿ ಇರುವ ಹಾಡು ಜೋರಾಗಿ ಹಾಕಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದು ಉದ್ದ ವೈರ್ ಕಟ್ಟಿ ಆಂಪ್ಲಿಫೈಯರಿನ ಪ್ಲಸ್ ಮೇಲೆ. ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಜಾಸ್ತಿ ತೋರಿಸಿದರೆ ಒಂದೊಂದೇ ಜಾಯಿಂಟ್ ಅಳೆಯುತ್ತಾ ಬನ್ನಿ, ಎಲ್ಲಿ ಇಳಿಯುತ್ತಿದೆ ಅಂತ ಸಿಗುತ್ತದೆ. ಅರ್ಥ್ ಕಡೆಗೂ ಹೀಗೇ, ಆಂಪ್ಲಿಫೈಯರಿನ ಮೈನಸ್‌ನಿಂದ ಬ್ಯಾಟರಿಯ ಮೈನಸ್‌ಗೆ.

ಅರ್ಧ ಗಂಟೆ ಓಡಿಸಿ ಬಂದು ಫ್ಯೂಸ್ ಹೋಲ್ಡರ್, ಲಗ್, ಅರ್ಥ್ ಬೋಲ್ಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಆ ಜಾಯಿಂಟ್ ಸಡಿಲ ಇದೆ, ಬಿಚ್ಚಿ ಮತ್ತೆ ಮಾಡಿ. ಹಾಕಿಸಿದ ಒಂದು ತಿಂಗಳಿಗೆ ಎಲ್ಲಾ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಎಳೆಗಳು ಒತ್ತಿಕೊಂಡು ಜಾಗ ಬಿಟ್ಟಿರುತ್ತವೆ. ನನ್ನ ಹತ್ತಿರ ಹಾಕಿಸಿದವರಿಗೆ ಇದಕ್ಕೆ ದುಡ್ಡು ತಗೊಳ್ಳುವುದಿಲ್ಲ, ಬಂದರೆ ಸಾಕು.

ಅದೇ ರೇಟಿಂಗಿನ ಎರಡು ಫ್ಯೂಸ್ ಗ್ಲೋವ್ ಬಾಕ್ಸಿನಲ್ಲಿ ಇಟ್ಟಿರಿ. ಹೋಲ್ಡರಿನ ಮೇಲೆ ಮಾರ್ಕರಿನಿಂದ "80 ಆಂಪಿಯರ್, 25 ಸ್ಕ್ವೇರ್ ತಾಮ್ರ" ಅಂತ ಬರೆದಿಡಿ. ನಾಳೆ ಬೇರೆ ಯಾವ ಊರಿನ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿದರೂ, ಅಲ್ಲಿ ಎಷ್ಟರ ಫ್ಯೂಸ್ ಹಾಕಬೇಕು ಅಂತ ಅವರು ಊಹೆ ಮಾಡಬೇಕಾಗುವುದಿಲ್ಲ.